ರೊಟ್ಟಿಯ ಗುಣಗಾನದಲ್ಲಿ ಮರೆತುಹೋದ ನುಚ್ಚು

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕೊಪ್ಪಳದ ಬಸ್ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ಕುಳಿತು, ಜೋಳದ ನುಚ್ಚು ಸಿಗುತ್ತದೆಯೇ ಎಂದು ಕೇಳಿದೆ. ಮೇಜು ಒರೆಸುತ್ತಿದ್ದ ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ. 'ನುಚ್ಚಾ? ಅದನ್ನ ಹೋಟೆಲಿನ್ಯಾಗ ಯಾರ ಮಾರ್ತಾರ್ರೀ ಸರ, ಮನ್ಯಾಗ ಮಾಡ್ತಾರ' ಎಂದು ನಕ್ಕ. ಇಡ್ಲಿ, ವಡೆ, ಒಗ್ಗರಣಿ-ಮಿರ್ಚಿ, ಪೂರಿ, ದೋಸೆ, ಪಲಾವು ಎಲ್ಲವೂ ಇತ್ತು. ಮಧ್ಯಾಹ್ನವಾದರೆ ರೊಟ್ಟಿ ಊಟವೂ ಸಿಗುತ್ತದೆಯೆಂದು ಭರವಸೆ ಕೊಟ್ಟ. ನಾನು ಒಗ್ಗರಣಿ-ಮಿರ್ಚಿ ತಿಂದು ಎದ್ದೆ. ಚೆನ್ನಾಗಿಯೇ ಇತ್ತು, ನೆನೆದ ಮಂಡಕ್ಕಿಗೆ ಒಗ್ಗರಣೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ, ಪಕ್ಕಕ್ಕೆ ಸುಡುಸುಡು ಮಿರ್ಚಿ ಇಟ್ಟುಕೊಡುವುದರಲ್ಲಿ ನಮ್ಮ ಜಿಲ್ಲೆಯನ್ನು ಮೀರಿಸುವವರು ಕಡಿಮೆ. ಆದರೆ ಹುಡುಗನ ಮಾತು ಮಾತ್ರ ಯಲಬುರ್ಗಾದ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮನೆಯಲ್ಲಿ ಮಾಡುತ್ತಾರೆ ಎಂದನಲ್ಲ, ಯಾರ ಮನೆಯಲ್ಲಿ?

ಅಂದು ರಾತ್ರಿ ಊರು ಸೇರಿದ ಮೇಲೆ ಅತ್ತಿಗೆಯನ್ನು ಕೇಳಿದೆ. ನಮ್ಮ ಮನೆಯಲ್ಲಿ ನುಚ್ಚು ಮಾಡಿ ಎರಡು ವರ್ಷದ ಮೇಲಾಗಿತ್ತು. ಓಣಿಯಲ್ಲಿ ವಿಚಾರಿಸಿದರೆ ಮುದುಕರಿರುವ ಎರಡು ಮನೆಗಳಲ್ಲಿ ಮಾತ್ರ, ಅದೂ ಹಲ್ಲಿಲ್ಲದ ಕಾರಣಕ್ಕೆ, ನುಚ್ಚು ಒಲೆ ಏರುತ್ತಿತ್ತು. ಉಳಿದೆಲ್ಲ ಮನೆಗಳಲ್ಲಿ ಬೆಳಿಗ್ಗೆ ಉಪ್ಪಿಟ್ಟು ಅಥವಾ ಒಗ್ಗರಣೆ, ಮಧ್ಯಾಹ್ನ ರೊಟ್ಟಿ ಮತ್ತು ಅನ್ನ, ರಾತ್ರಿ ಅನ್ನವೇ.

ನಗರದಲ್ಲಿ ಹುಟ್ಟಿ ಬೆಳೆದ ಓದುಗರಿಗಾಗಿ ನುಚ್ಚು ಎಂದರೇನೆಂದು ಸ್ವಲ್ಪ ವಿವರಿಸಬೇಕು. ಬಿಳಿಜೋಳಕ್ಕೆ ನೀರು ಚಿಮುಕಿಸಿ, ಒರಳಿನಲ್ಲಿ ಹಗುರಾಗಿ ಥಳಿಸಿ, ಮೇಲಿನ ಹೊಟ್ಟನ್ನು ಕೇರಿ ತೆಗೆದು, ಬೀಸುಕಲ್ಲಿನಲ್ಲಿ ತರಿತರಿಯಾಗಿ ಒಡೆಯುತ್ತಿದ್ದರು. ಹಿಟ್ಟು ಬೇರೆ, ತರಿ ಬೇರೆ. ಆ ತರಿಯೇ ನುಚ್ಚು. ಕುದಿಯುವ ಎಸರಿಗೆ ಉಪ್ಪು ಹಾಕಿ, ನುಚ್ಚನ್ನು ಸುರಿದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಗಡಿಗೆಯಲ್ಲಿ 'ಕೊತ ಕೊತ' ಎನ್ನುತ್ತ ಗಟ್ಟಿಯಾಗುತ್ತದೆ. ಬಿಸಿಯಿದ್ದಾಗ ನಡುವೆ ಗುಳಿ ಮಾಡಿ ಬೇಳೆಸಾರನ್ನೋ ಪುಂಡಿಪಲ್ಯವನ್ನೋ ಹಾಕಿಕೊಂಡು ಉಣ್ಣುವುದು ಒಂದು ಸುಖ. ಉಳಿದದ್ದು ರಾತ್ರಿಯೆಲ್ಲ ತಣ್ಣಗಾಗಿ ಕಟ್ಟಿಕೊಂಡಿರುತ್ತದೆ. ಬೆಳಿಗ್ಗೆ ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಜಜ್ಜಿ ಹಾಕಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಕುಡಿದು ಹೊಲಕ್ಕೆ ಹೋಗುವುದು ಇನ್ನೊಂದು ಸುಖ. ನನ್ನ ಮಟ್ಟಿಗೆ ಈ ಎರಡನೆಯದೇ ಹೆಚ್ಚಿನದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಯಲಬುರ್ಗಾದ ಎರೆಹೊಲದಲ್ಲಿ ನಿಂತವರಿಗೆ ಇದರ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ.

ಇದರ ಅಕ್ಕ ಜೋಳದ ಕಡುಬು. ಕಡುಬು ಎಂದೊಡನೆ ಹೂರಣವನ್ನೇ ನೆನೆಯುವವರು ಇದನ್ನು ಕಂಡಿರಲಿಕ್ಕಿಲ್ಲ. ಬಿಸಿನೀರಿನಲ್ಲಿ ನಾದಿದ ಜೋಳದ ಹಿಟ್ಟನ್ನು ನಿಂಬೆಗಾತ್ರದ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಒತ್ತಿ ಸಣ್ಣ ಬಟ್ಟಲಿನಂತೆ ಮಾಡುತ್ತಾರೆ. ಗಡಿಗೆಯ ತಳಕ್ಕೆ ನೀರು, ಅದರ ಮೇಲೆ ಕಣಿಕೆಯ ತುಂಡುಗಳನ್ನು ಅಡ್ಡಡ್ಡ ಜೋಡಿಸಿ, ಅದರ ಮೇಲೆ ಕಡುಬು, ಬಾಯಿಗೆ ಒದ್ದೆಬಟ್ಟೆ. ಆವಿಯಲ್ಲಿ ಬೆಂದ ಕಡುಬಿನ ಗುಳಿಯಲ್ಲಿ ಕುಸುಬೆ ಎಣ್ಣೆ ತುಂಬಿ, ಗುರೆಳ್ಳು ಪುಡಿ ಉದುರಿಸಿ, ಇಡಿಯಾಗಿ ಬಾಯಿಗಿಟ್ಟುಕೊಳ್ಳಬೇಕು. ಕಣಿಕೆಯ ಸಿಹಿವಾಸನೆ ಹಿಟ್ಟಿಗೆ ಹತ್ತಿರುತ್ತದೆ. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಬುಟ್ಟಿಯಲ್ಲಿ ಕಡುಬು ಇರಲೇಬೇಕಿತ್ತು. ಪಂಚಮಿಯ ಹಿಂದಿನ ರೊಟ್ಟಿ ಹಬ್ಬದಂದು ಮನೆಯಿಂದ ಮನೆಗೆ ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ನಾಲ್ಕಾರು ಬಗೆಯ ಕಾಳುಪಲ್ಯ ಓಡಾಡುತ್ತಿದ್ದವು. ರೊಟ್ಟಿ ಹಬ್ಬ ಇಂದಿಗೂ ಉಳಿದಿದೆ, ಸಂತೋಷ. ಕಡುಬು ಹಬ್ಬಕ್ಕೆ ಮಾತ್ರ ಉಳಿಯಿತು. ನುಚ್ಚಿಗೆ ಹಬ್ಬವೂ ಇಲ್ಲ.

ಕೊಪ್ಪಳ ಜಿಲ್ಲೆಯ ತಟ್ಟೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅದರ ಮಣ್ಣನ್ನೂ ನೀರನ್ನೂ ನೋಡಬೇಕು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಜಿಲ್ಲೆಗೆ ನಾಲ್ಕು ತಾಲ್ಲೂಕುಗಳಿದ್ದವು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈಗ ಕುಕನೂರು, ಕನಕಗಿರಿ, ಕಾರಟಗಿ ಸೇರಿ ಏಳಾಗಿವೆ. ಆದರೆ ಊಟದ ನಕ್ಷೆ ಇನ್ನೂ ಹಳೆಯ ನಾಲ್ಕರದೇ. ಯಲಬುರ್ಗಾದ ಎರೆನೆಲದಲ್ಲಿ ಹಿಂಗಾರಿನ ಬಿಳಿಜೋಳ. ಕುಷ್ಟಗಿಯ ಮಸಾರಿ ನೆಲದಲ್ಲಿ ಸಜ್ಜೆ, ನವಣೆ. ಕೊಪ್ಪಳದಲ್ಲಿ ಎರಡೂ ಇಷ್ಟಿಷ್ಟು. ಗಂಗಾವತಿಯದು ಮಾತ್ರ ಬೇರೆಯದೇ ಕಥೆ. ಅದು ಭತ್ತದ ಕಣಜ.

ಗಂಗಾವತಿಯೂ ಮೊದಲು ಹೀಗಿರಲಿಲ್ಲ ಎಂಬುದನ್ನು ಇಂದಿನ ತಲೆಮಾರು ಮರೆತಿದೆ. ತುಂಗಭದ್ರಾ ಅಣೆಕಟ್ಟೆಯ ಕಾಲುವೆಗಳಿಗೆ 1953ರಲ್ಲಿ ನೀರು ಬಿಟ್ಟಾಗ ಎಡದಂಡೆಯ ಬಹುಭಾಗಕ್ಕೆ ಯೋಜಕರು ಬಗೆದದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು. ನೀರನ್ನು ತೆಳ್ಳಗೆ ಹರಡಿ ಹೆಚ್ಚು ಊರುಗಳನ್ನು ಬರದಿಂದ ಕಾಪಾಡಬೇಕೆಂಬುದು ಆಗಿನ ಲೆಕ್ಕ. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತದ ವಿದ್ಯೆಯನ್ನು ತಂದರು, ಸ್ಥಳೀಯರೂ ಕಲಿತರು, ಕಾಲುವೆಯ ತಲೆಭಾಗ ಪೂರ್ತಿ ಹಸಿರಾಯಿತು, ಕೊನೆಭಾಗ ನೀರಿಗಾಗಿ ಇಂದಿಗೂ ಧರಣಿ ಕೂರುತ್ತಿದೆ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಹಿಡಿದು ಕುಳಿತದ್ದು ಈ ಭತ್ತದ ಸಲುವಾಗಿಯೇ. ರೈತರನ್ನು ದೂರುವುದು ನನ್ನ ಉದ್ದೇಶವಲ್ಲ. ಯಾವ ಬೆಳೆಗೆ ಗಿರಣಿಯಿದೆಯೋ, ಖರೀದಿದಾರನಿದ್ದಾನೋ, ಸಾಲ ಕೊಡುವವನಿದ್ದಾನೋ ಆ ಬೆಳೆಯನ್ನೇ ರೈತ ಬೆಳೆಯುತ್ತಾನೆ. ಆದರೆ ಅಕ್ಕಿಯ ಜೊತೆಯಲ್ಲಿ ಇನ್ನೊಂದು ಬಂತು. ಅನ್ನ ಎಂದರೆ ಮರ್ಯಾದೆ ಎಂಬ ಭಾವನೆ.

ನನ್ನ ಬಾಲ್ಯದಲ್ಲಿ ಯಲಬುರ್ಗಾದ ಹಳ್ಳಿಗಳಲ್ಲಿ ಅನ್ನವೆಂದರೆ ಹಬ್ಬ, ಇಲ್ಲವೇ ಬೀಗರು ಬಂದ ದಿನ. ಮುಂದೆ ಗಂಗಾವತಿಗೆ ಓದಲು ಹೋದಾಗ ನಾನು ಡಬ್ಬಿಯಲ್ಲಿ ನುಚ್ಚು ಒಯ್ದದ್ದು ಒಂದೇ ದಿನ. ಪಕ್ಕದ ಹುಡುಗರು ನಕ್ಕರು. ಮೇಷ್ಟರೊಬ್ಬರು 'ಏನಪಾ, ಎಮ್ಮಿಗೆ ಇಡೂದು ತಂದೀಯಲ್ಲ' ಎಂದರು. ತಮಾಷೆಗೆಂದೇ ಅಂದಿರಬೇಕು. ಆದರೆ ಅಂದು ಸಂಜೆ ಡಬ್ಬಿಯನ್ನು ಕಾಲುವೆಯಲ್ಲಿ ತೊಳೆದುಕೊಂಡು ಮನೆಗೆ ಬಂದವನು ಅವ್ವನಿಗೆ, ನಾಳೆಯಿಂದ ಅನ್ನ ಕಟ್ಟು ಎಂದೆ. ಅವ್ವ ಏನೂ ಕೇಳಲಿಲ್ಲ. ಒಂದು ಊಟ ಹೀಗೆಯೇ ಸಾಯುತ್ತದೆಂದು ನನಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಈ ಮಾತು ನಮ್ಮೊಬ್ಬರದೇ ಅಲ್ಲ. ಕೆಲವು ವರ್ಷಗಳ ಹಿಂದೆ ಕೆಲಸದ ನಿಮಿತ್ತ ಇಂಗ್ಲೆಂಡಿಗೆ ಹೋಗಿದ್ದಾಗ ಹಳ್ಳಿಯೊಂದರ ಹಳೆಯ ಪಬ್ಬಿನಲ್ಲಿ ಅವರ ಕಡುಬನ್ನು ನೋಡಿದೆ. ಕಡುಬೆಂದೇ ಕರೆಯುತ್ತೇನೆ, ತಪ್ಪಿಲ್ಲ. ಅಲ್ಲಿ ಅದನ್ನು ಸೂಯೆಟ್ ಪುಡಿಂಗ್ ಎನ್ನುತ್ತಾರೆ. ದನದ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬೇ ಸೂಯೆಟ್. ಅದನ್ನು ತುರಿದು ಗೋಧಿಹಿಟ್ಟಿನಲ್ಲಿ ಬೆರೆಸಿ, ತಣ್ಣೀರಿನಲ್ಲಿ ಕಲಸಿ, ಬಟ್ಟಲೊಂದರ ಒಳಮೈಗೆ ಹಚ್ಚಿ, ನಡುವೆ ಮಾಂಸದ ಪಲ್ಯ ತುಂಬಿ, ಮೇಲೆ ಹಿಟ್ಟಿನ ಮುಚ್ಚಳವಿಟ್ಟು, ಬಟ್ಟೆ ಕಟ್ಟಿ, ನಾಲ್ಕೈದು ಗಂಟೆ ಆವಿಯಲ್ಲಿ ಬೇಯಿಸುತ್ತಾರೆ. ಕೊಬ್ಬು ನಿಧಾನವಾಗಿ ಕರಗಿದ ಕಡೆಯಲ್ಲೆಲ್ಲ ಸಣ್ಣ ರಂಧ್ರಗಳು ಉಳಿದು ಹಿಟ್ಟು ಹಗುರಾಗುತ್ತದೆ. ನಮ್ಮಲ್ಲಿ ಅನೇಕರಿಗೆ ಒಗ್ಗದ ವಸ್ತು, ಇರಲಿ. ನಾನು ಗಮನಿಸಿದ್ದು ಬಟ್ಟೆಯನ್ನು ಬಿಚ್ಚಿದಾಗ ಎದ್ದ ಆವಿಯನ್ನು, ಮತ್ತು ಅದಕ್ಕೆ ಮುಖವೊಡ್ಡಿದ ಮುದುಕನ ಕಣ್ಣುಗಳನ್ನು. ನಮ್ಮ ಅಪ್ಪ ಕಡುಬಿನ ಗಡಿಗೆಯ ಮುಂದೆ ಹೀಗೆಯೇ ಕೂರುತ್ತಿದ್ದ.

ಹದಿನೇಳನೆಯ ಶತಮಾನದಲ್ಲಿ ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಕ್ರಮ ಬಳಕೆಗೆ ಬಂದ ಮೇಲೆ ಈ ಪುಡಿಂಗು ಬಡವರ ಮನೆಯ ಹೊಟ್ಟೆ ತುಂಬಿಸುವ ಊಟವಾಯಿತು. ಬೆಡ್‌ಫರ್ಡ್‌ಷೈರಿನ ಕೂಲಿಗಳು ಒಂದು ತುದಿಯಲ್ಲಿ ಮಾಂಸ, ಇನ್ನೊಂದು ತುದಿಯಲ್ಲಿ ಜಾಮು ತುಂಬಿದ ಉದ್ದನೆಯ ಸುರುಳಿಯನ್ನು ಹೊಲಕ್ಕೆ ಒಯ್ಯುತ್ತಿದ್ದರಂತೆ. ಊಟ ಮತ್ತು ಸಿಹಿ ಒಂದೇ ಕಟ್ಟಿನಲ್ಲಿ. 1906ರಲ್ಲಿ ಅಲ್ಲಿ ಶಾಲಾ ಮಕ್ಕಳಿಗೆ ಊಟ ಕೊಡಲು ಸ್ಥಳೀಯ ಸಂಸ್ಥೆಗಳಿಗೆ ಅವಕಾಶ ನೀಡುವ ಕಾಯ್ದೆ ಬಂತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಶಾಲೆಯ ಊಟದ ತಟ್ಟೆಯಲ್ಲಿ ಆವಿಯ ಪುಡಿಂಗು ನಿತ್ಯದ ಮಾತಾಯಿತು. ಮನೆಯಲ್ಲಿ ಅಮ್ಮಂದಿರಿಗೆ ನಾಲ್ಕು ಗಂಟೆ ಒಲೆಯ ಮುಂದೆ ಕೂರಲು ಪುರುಸೊತ್ತಿಲ್ಲದ ಕಾಲದಲ್ಲೂ ಒಂದಿಡೀ ತಲೆಮಾರಿನ ನಾಲಗೆಯಲ್ಲಿ ಅದರ ರುಚಿ ಉಳಿದದ್ದು ಬಹುಮಟ್ಟಿಗೆ ಶಾಲೆಯಿಂದ. 1980ರ ಕಾಯ್ದೆ ಶಾಲೆಯ ಊಟಕ್ಕಿದ್ದ ಪೌಷ್ಟಿಕತೆಯ ಕಟ್ಟುಪಾಡುಗಳನ್ನು ತೆಗೆದುಹಾಕಿತು. ಕರಿದ ಆಲೂಗಡ್ಡೆಯ ಕಾಲ ಬಂತು. 1985ರಲ್ಲಿ ಗ್ಲಾಸ್ಟರ್‌ಷೈರಿನ ಮಿಕಲ್ಟನ್ ಎಂಬ ಊರಿನ ಹೋಟೆಲೊಂದರಲ್ಲಿ ಹಳೆಯ ಪುಡಿಂಗುಗಳನ್ನು ಉಳಿಸಲು ಒಂದು ಕ್ಲಬ್ ಹುಟ್ಟಿತು. ಅದು ಇಂದಿಗೂ ನಡೆಯುತ್ತಿದೆ. ಹಣ ಕೊಟ್ಟು, ಮುಂಚಿತವಾಗಿ ಜಾಗ ಕಾದಿರಿಸಿ ಹೋಗಿ ತಿನ್ನಬೇಕು. ಶಾಲೆಯ ತಟ್ಟೆಯಿಂದ ಕ್ಲಬ್ಬಿನ ಮೇಜಿಗೆ ಐದೇ ವರ್ಷ.

ನಮ್ಮ ರೊಟ್ಟಿಯೂ ಈಗ ಆ ಕ್ಲಬ್ಬಿನ ಬಾಗಿಲಲ್ಲಿ ನಿಂತಿದೆ. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳು ತುಂಬಿ ತುಳುಕುತ್ತಿವೆ. ಗೋಡೆಯ ಮೇಲೆ ಎತ್ತಿನಗಾಡಿಯ ಚಿತ್ರ, ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಸಾಲಾಗಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ರಂಜಕ, ಎಣ್ಣೆಗಾಯಿ. ನಾನೂ ಹೋಗುತ್ತೇನೆ, ಹೊಟ್ಟೆ ತುಂಬ ಉಂಡು ಬರುತ್ತೇನೆ. ಇದರಲ್ಲಿ ತಪ್ಪಿಲ್ಲ. ರೊಟ್ಟಿ ಬಡಿಯುವ ಎಷ್ಟೋ ಹೆಣ್ಣುಮಕ್ಕಳು ಅದರಿಂದ ದುಡಿಯುತ್ತಿದ್ದಾರೆ. ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ಮಹಿಳಾ ಸ್ವಸಹಾಯ ಸಂಘಗಳ ರೊಟ್ಟಿಗೆ ಊರಿನ ಹೆಸರನ್ನೇ ಬ್ರ್ಯಾಂಡ್ ಮಾಡಿ ಮಾರಾಟಕ್ಕೆ ದಾರಿ ಮಾಡಿಕೊಟ್ಟಿದೆ. ಕೊಪ್ಪಳವೂ ಅದನ್ನು ಅನುಸರಿಸಬಹುದು. ಆದರೆ ಬೆಂಗಳೂರಿನಲ್ಲಿ ರೊಟ್ಟಿ ಸಿಗುವುದರಿಂದ ಕುಷ್ಟಗಿಯ ಮಗುವಿಗೆ ಜೋಳ ಸಿಕ್ಕಂತಾಗುವುದಿಲ್ಲ.

ಊರಿನ ಊಟ ಉಳಿಯಬೇಕೆಂದು ಬರೆಯುವ, ಭಾಷಣ ಮಾಡುವ ನಮ್ಮಂಥ ಗಂಡಸರು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅಂದು ರಾತ್ರಿ ನಾನು ನುಚ್ಚಿನ ಹಾಡು ಹಾಡತೊಡಗಿದಾಗ ಅತ್ತಿಗೆ ಕೇಳಿಸಿಕೊಂಡಷ್ಟು ಕೇಳಿಸಿಕೊಂಡು ಹೇಳಿದರು: 'ತಿನ್ನಾಕ ಎಲ್ಲಾರೂ ಬರ್ತೀರಿ. ಬಡ್ಯಾಕ, ಕುಟ್ಟಾಕ ಯಾರ್ ಬರ್ತೀರಿ ಹೇಳ್ರಿ ನೋಡೂಣು.' ಆರು ಜನರ ಮನೆಗೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ರೊಟ್ಟಿ. ಒಂದೊಂದನ್ನೂ ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಉರಿಗೆ ಹಿಡಿದು ಉಬ್ಬಿಸಬೇಕು. ಗೋಧಿಯಂತೆ ಜೋಳದ ಹಿಟ್ಟಿಗೆ ತಾನಾಗಿ ಅಂಟುವ ಗುಣವಿಲ್ಲ. ಕುದಿನೀರು ಹಾಕಿ ಅಂಗೈಯ ಬಲದಿಂದ ನಾದಿದಾಗಲೇ ಜಿಗಿ ಹುಟ್ಟುತ್ತದೆ. ಹಿಟ್ಟು ಹಳೆಯದಾದರೆ ಅದೂ ಇಲ್ಲ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಹೀಗಾಗಿ ವಾರಕ್ಕೊಮ್ಮೆ ಗಿರಣಿಗೆ ಹೊರಬೇಕು. ಬೆಳಿಗ್ಗೆ ಕೂಲಿಗೋ ಉದ್ಯೋಗ ಖಾತರಿಗೋ ಹೋಗುವ ಹೆಣ್ಣುಮಗಳು, ನ್ಯಾಯಬೆಲೆ ಅಂಗಡಿಯಲ್ಲಿ ಬಿಟ್ಟಿ ಬಂದ ಅಕ್ಕಿಯನ್ನು ಕುಕ್ಕರಿನಲ್ಲಿಟ್ಟು ಮೂರು ಸೀಟಿ ಹೊಡೆಸಿದರೆ ನಾವು ಯಾವ ಬಾಯಿಂದ ಸಂಸ್ಕೃತಿಯ ಪಾಠ ಹೇಳೋಣ? 2013ರ ಜುಲೈನಲ್ಲಿ ಅನ್ನಭಾಗ್ಯ ಬಂದಾಗ ನಮ್ಮ ಓಣಿಯ ಎಷ್ಟೋ ಮನೆಗಳ ರಾತ್ರಿಯ ಹಸಿವು ನಿಂತಿತು. ಆ ಯೋಜನೆಯನ್ನು ಹಂಗಿಸುವವರ ಜೊತೆ ನಾನಿಲ್ಲ.

ನನ್ನ ತಕರಾರು ಬೇರೆಯೇ ಇದೆ. ಜೋಳದ ಪ್ರಶ್ನೆ ಬಂದಾಗಲೆಲ್ಲ ನಾವು ರೊಟ್ಟಿಗೇ ಜೋತುಬೀಳುತ್ತೇವೆ. ಶಾಲೆಯ ಬಿಸಿಯೂಟದಲ್ಲಿ, ಹಾಸ್ಟೆಲುಗಳಲ್ಲಿ ಜೋಳ ಕೊಡಿ ಎಂದರೆ ಅಧಿಕಾರಿಗಳ ಉತ್ತರ ಸಿದ್ಧವಿರುತ್ತದೆ: ಮುನ್ನೂರು ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು? ಸರಿಯಾದ ಪ್ರಶ್ನೆ. ಆದರೆ ಮುನ್ನೂರು ಮಕ್ಕಳಿಗೆ ನುಚ್ಚು ಬಡಿಯಬೇಕಾಗಿಲ್ಲ. ಗಿರಣಿಯಲ್ಲಿ ತರಿ ಒಡೆಸಿ ತಂದರಾಯಿತು. ಅನ್ನ ಬೇಯಿಸುವ ಅದೇ ಪಾತ್ರೆ, ಅದೇ ಒಲೆ, ಅದೇ ಅಡುಗೆಯವರು. ಬೇಯಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ತಳ ಹಿಡಿಯದಂತೆ ತಿರುವಬೇಕು, ಅಷ್ಟೇ. ಹಿಂದಿನ ರಾತ್ರಿ ನೆನೆಸಿಟ್ಟರೆ ಆ ಹೊತ್ತೂ ಇಳಿಯುತ್ತದೆ. ಕಡುಬಿಗೂ ಇಡ್ಲಿಯ ದೊಡ್ಡ ಪಾತ್ರೆ ಸಾಕು, ವಾರದಲ್ಲಿ ಒಂದು ದಿನಕ್ಕೆ. ನಮ್ಮ ಅಜ್ಜಿಯರು ಸುಗ್ಗಿಯಲ್ಲಿ ಹೊಲದ ಆಳುಗಳಿಗೆ ರೊಟ್ಟಿ ಬಡಿಯಲಾಗದ ದಿನ ನುಚ್ಚನ್ನೇ ಗಡಿಗೆಗಟ್ಟಲೆ ಮಾಡಿ ಕಳಿಸುತ್ತಿದ್ದರು. ನೂರು ಜನಕ್ಕೆ ಒಮ್ಮೆಲೇ ಮಾಡಬಹುದಾದ ಊಟವನ್ನು ಮರೆತು, ಒಬ್ಬೊಬ್ಬರಿಗೂ ಬಡಿಯಬೇಕಾದ ಊಟವನ್ನು ಮಾತ್ರ ಜೋಳದ ಊಟವೆಂದು ನಂಬಿ ಕುಳಿತಿದ್ದೇವೆ. ರೊಟ್ಟಿಯ ಮೋಹ ಜೋಳಕ್ಕೇ ಮುಳುವಾಗಿದೆ ಎಂದರೆ ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಕರ್ನಾಟಕದಲ್ಲಿ ಬಿಸಿಯೂಟದ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. 2021ರ ಡಿಸೆಂಬರಿನಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ತೊಡಗಿದಾಗಲೂ ಮೊದಲ ಪಟ್ಟಿಯಲ್ಲಿ ಕೊಪ್ಪಳವಿತ್ತು. ಕಾರಣ ಹೆಮ್ಮೆಪಡುವಂಥದ್ದಲ್ಲ, ಇಲ್ಲಿನ ಮಕ್ಕಳ ಅಪೌಷ್ಟಿಕತೆ. ಮೊಟ್ಟೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ತಟ್ಟೆಯಲ್ಲಿ ಆ ಮೊಟ್ಟೆಯ ಕೆಳಗಿರುವುದು ಹೆಚ್ಚಾಗಿ ಅನ್ನವೇ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕವನ್ನು ನೋಡಿದರೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೊಟೀನು, 10 ಗ್ರಾಂ ನಾರು ಇದೆ. ಗಿರಣಿಯ ಬಿಳಿ ಅಕ್ಕಿಯಲ್ಲಿ ಪ್ರೊಟೀನು 8 ಗ್ರಾಂ, ನಾರು 3 ಗ್ರಾಮಿಗೂ ಕಡಿಮೆ. ಕಬ್ಬಿಣಾಂಶದಲ್ಲಿ ಜೋಳ ಹಲವು ಪಟ್ಟು ಮುಂದು. ಹೊಟ್ಟು ತೆಗೆದ ನುಚ್ಚಿನಲ್ಲಿ ಇದು ಸ್ವಲ್ಪ ಇಳಿಯುತ್ತದೆ, ನಿಜ. ಹಾಗಿದ್ದರೂ ಯಾವುದು ಮೇಲೆಂದು ತೀರ್ಮಾನಿಸಲು ಸಮಿತಿ ಬೇಕಾಗಿಲ್ಲ.

ಕಾಯ್ದೆಯ ಅಡ್ಡಿಯಂತೂ ಇಲ್ಲವೇ ಇಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಕ್ಕಿಗೆ ಕಿಲೋಗೆ 3 ರೂಪಾಯಿ, ಗೋಧಿಗೆ 2, ಒರಟು ಧಾನ್ಯಗಳಿಗೆ 1 ರೂಪಾಯಿ ಎಂದು ದರ ನಿಗದಿ ಮಾಡಿತ್ತು. ಎಂದರೆ ಜೋಳವನ್ನು ಕೊಡುವ ದಾರಿ ಮೊದಲಿನಿಂದಲೂ ತೆರೆದೇ ಇತ್ತು. 'ಒರಟು ಧಾನ್ಯ' ಎಂಬ ಹೆಸರನ್ನು 2018ರಲ್ಲಿ ಕೇಂದ್ರ ಸರ್ಕಾರ ಬದಲಿಸಿ 'ಪೌಷ್ಟಿಕ ಧಾನ್ಯ' ಎಂದು ಕರೆಯಿತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಆಗಿ ಹೋಯಿತು. ನಮ್ಮ ಸೀಮೆಯಲ್ಲಿ ಪಡಿತರದಲ್ಲಿ ಜೋಳ ಕೊಡುವ ಪ್ರಯತ್ನಗಳು ನಡೆದಿವೆ. ಆದರೆ ಬೆಂಬಲ ಬೆಲೆಯ ಪಟ್ಟಿಯಲ್ಲಿಯೇ ಜೋಳ ಎರಡು ಬಗೆ, ಹೈಬ್ರಿಡ್ ಮತ್ತು ಮಾಲ್ದಂಡಿ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಬಿಡುಗಡೆಯಾದಂದಿನಿಂದ ನಮ್ಮ ಹೆಣ್ಣುಮಕ್ಕಳು ಅದರ ರೊಟ್ಟಿಯನ್ನು ದೂರುತ್ತಲೇ ಬಂದಿದ್ದಾರೆ. ಯಲಬುರ್ಗಾದ ಎರೆನೆಲದ ಮಾಲ್ದಂಡಿಯನ್ನು ಉಂಡು ಬೆಳೆದವರ ಕೈಗೆ ಯಾವುದೋ ಗೋದಾಮಿನಲ್ಲಿ ನುಸಿ ಹಿಡಿದ ಜೋಳ ಕೊಟ್ಟು, 'ಜನ ಜೋಳ ಒಯ್ಯುವುದಿಲ್ಲ, ಅಕ್ಕಿಯೇ ಬೇಕೆನ್ನುತ್ತಾರೆ' ಎಂದು ಷರಾ ಬರೆಯುವುದು ನ್ಯಾಯವಲ್ಲ. ಮಾಲ್ದಂಡಿ ದುಬಾರಿ ಎಂಬುದು ಒಪ್ಪತಕ್ಕ ಆಕ್ಷೇಪ. ಇಡೀ ರಾಜ್ಯಕ್ಕೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಜಿಲ್ಲೆಯೊಳಗಿನ ಶಾಲೆ, ಅಂಗನವಾಡಿ, ಹಾಸ್ಟೆಲುಗಳಿಗೆ ವಾರದಲ್ಲಿ ಎರಡು ದಿನದ ಮಟ್ಟಿಗೆ, ಜಿಲ್ಲೆಯೊಳಗಿನ ರೈತರಿಂದಲೇ ಸುಗ್ಗಿಯಲ್ಲಿ ಕೊಳ್ಳಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ರಸ್ತೆ, ಕಟ್ಟಡಗಳಿಗೆ ಹೋಗುವುದನ್ನೇ ನೋಡುತ್ತಿದ್ದೇವೆ. ತಾಲ್ಲೂಕಿಗೊಂದು ನುಚ್ಚಿನ ಗಿರಣಿಗೆ ಅದರಲ್ಲಿ ಎಷ್ಟು ಬೇಕಾದೀತು?

ಹೀಗೆ ಕೊಂಡರೆ ಇನ್ನೊಂದು ಲಾಭವೂ ಇದೆ. ಯಲಬುರ್ಗಾ, ಕುಷ್ಟಗಿಗಳಲ್ಲಿ ಜೋಳದ ಹೊಲಗಳು ಮೆಕ್ಕೆಜೋಳಕ್ಕೆ, ಕಡಲೆಗೆ, ಹತ್ತಿಗೆ ದಾರಿ ಬಿಡುತ್ತಿವೆ. ಮೆಕ್ಕೆಜೋಳ ಹೋಗುವುದು ಬಹುಪಾಲು ಕೋಳಿಯ ಮೇವಿಗೆ, ಕಾರ್ಖಾನೆಗೆ. ಜೋಳ ಹೋದರೆ ಕಾಳಷ್ಟೇ ಹೋಗುವುದಿಲ್ಲ, ಕಣಿಕೆಯೂ ಹೋಗುತ್ತದೆ. ಕಣಿಕೆ ಹೋದರೆ ಎತ್ತು, ಎಮ್ಮೆ ಹೋಗುತ್ತವೆ. ನಮ್ಮ ಓಣಿಯಲ್ಲಿ ಈಗ ಮಜ್ಜಿಗೆಯೂ ಪ್ಯಾಕೆಟ್ಟಿನಲ್ಲಿಯೇ ಬರುತ್ತಿದೆ. ನುಚ್ಚಿಗೆ ಮಜ್ಜಿಗೆಯಿಲ್ಲದೆ ಹೇಗೆ ಎಂದು ಕೇಳುವವರಿಗೆ ಉತ್ತರ ಆ ಹೊಲದಲ್ಲಿಯೇ ಇದೆ.

ಮಕ್ಕಳು ತಿನ್ನುವುದಿಲ್ಲ ಎಂಬ ಆಕ್ಷೇಪವೂ ಬರುತ್ತದೆ. ಮೊದಲ ವಾರ ತಿನ್ನಲಿಕ್ಕಿಲ್ಲ. ಬರೀ ನುಚ್ಚು, ನೀರುಸಾರು ಬಡಿಸಿದರೆ ನಾನೂ ತಿನ್ನುವುದಿಲ್ಲ. ಬೇಳೆ ಗಟ್ಟಿಯಾಗಿರಲಿ, ಪುಂಡಿಪಲ್ಯಕ್ಕೆ ಬೆಳ್ಳುಳ್ಳಿಯ ಒಗ್ಗರಣೆ ಇರಲಿ, ಮೇಲೊಂದು ಚಮಚ ಶೇಂಗಾ ಪುಡಿ, ಒಂದು ಹನಿ ಎಣ್ಣೆ ಬೀಳಲಿ. ಇಲ್ಲಿ ನಗರದ ಸಿರಿಧಾನ್ಯ ಪ್ರಚಾರಕರ ಮೇಲೂ ನನಗೊಂದು ಮುನಿಸಿದೆ. ಅವರು ಜೋಳವನ್ನು, ನವಣೆಯನ್ನು ಔಷಧಿ ಮಾಡಿಬಿಟ್ಟಿದ್ದಾರೆ. ಸಕ್ಕರೆ ಕಾಯಿಲೆಗೆ ಇದು, ಬೊಜ್ಜಿಗೆ ಅದು ಎಂದು ಪೊಟ್ಟಣದ ಮೇಲೆ ಬರೆದು ಅಕ್ಕಿಯ ಮೂರು ಪಟ್ಟು ಬೆಲೆಗೆ ಮಾರುತ್ತಾರೆ. ಔಷಧಿಯೆಂದು ಕೊಟ್ಟದ್ದನ್ನು ಮಕ್ಕಳು ಇಷ್ಟಪಡುವುದುಂಟೇ? ನಮ್ಮ ಹಿರಿಯರು ಕಡುಬು ತಿಂದದ್ದು ರುಚಿಯಾಗಿತ್ತೆಂದು, ಇನ್ನೊಂದು ಇದ್ದರೆ ಹಾಕೆಂದು ತಾಟು ಮುಂದೆ ಚಾಚಿದ್ದೂ ಅದಕ್ಕೇ.

ದೊಡ್ಡ ಪ್ರಮಾಣದಲ್ಲಿ ಇದು ಸಾಧ್ಯವೇ ಎಂಬ ಅನುಮಾನವಿದ್ದವರು ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬರಬೇಕು. ಸುತ್ತಲಿನ ಹಳ್ಳಿಗಳ ಮನೆಮನೆಗಳಲ್ಲಿ ಬಡಿದ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಬಂದು ಮಹಾದಾಸೋಹದ ಕೋಣೆಯಲ್ಲಿ ಗುಡ್ಡದಂತೆ ಬೀಳುತ್ತದೆ. ಲಕ್ಷಗಟ್ಟಲೆ ರೊಟ್ಟಿ. ಕೊಪ್ಪರಿಗೆಗಳಲ್ಲಿ ಪಲ್ಯ, ರಾಶಿರಾಶಿ ಮಾದಲಿ. ಯಾವ ಜಾತಿ, ಯಾವ ಊರು ಎಂದು ಕೇಳದೆ ಹಲವು ದಿನ ಬಡಿಸುತ್ತಾರೆ. ಸಾಲಿನಲ್ಲಿ ಕುಳಿತ ಶಾಲಾ ಮಕ್ಕಳು ರೊಟ್ಟಿ ಮುರಿದು ಮಾದಲಿಯ ಜೊತೆ ತಿನ್ನುವುದನ್ನು ನಾನೇ ನೋಡಿದ್ದೇನೆ. ಯಾರೂ ಮೂಗು ಮುರಿಯಲಿಲ್ಲ. ಭಕ್ತಿಯಿಂದ ಆಗುವ ಕೆಲಸವನ್ನು ಇಲಾಖೆಯಿಂದ ನಿರೀಕ್ಷಿಸಬಾರದು ಎಂದು ಮಿತ್ರರೊಬ್ಬರು ಹೇಳಿದರು. ಅವರ ಮಾತಿನಲ್ಲಿ ಸತ್ಯವಿದೆ. ದಾಸೋಹದ ರೊಟ್ಟಿಯನ್ನು ಹೆಣ್ಣುಮಕ್ಕಳು ಕೂಲಿ ಕೇಳದೆ ಬಡಿಯುತ್ತಾರೆ. ಸರ್ಕಾರ ಹಾಗೆ ಕೇಳಕೂಡದು. ಬಿಸಿಯೂಟದ ಅಡುಗೆಯವರು ಸಂಬಳವಲ್ಲ, 'ಗೌರವಧನ' ಎಂಬ ಹೆಸರಿನಲ್ಲಿ ಬರುವ ಅಷ್ಟಿಷ್ಟು ಹಣಕ್ಕಾಗಿ ಬೆಂಗಳೂರಿನ ರಸ್ತೆಗಳಲ್ಲಿ ಎಷ್ಟು ಸಲ ಕೂತಿಲ್ಲ? ಅವರ ಕೈಗೆ ಇನ್ನೊಂದು ಸೌಟು ಕೊಡುವ ಮೊದಲು ಅದನ್ನೂ ಲೆಕ್ಕ ಹಾಕಬೇಕು.

ನಾನು ಬೆಂಗಳೂರಿಗೆ ಮರಳುವ ದಿನ ಬೆಳಿಗ್ಗೆ ಅತ್ತಿಗೆ ನುಚ್ಚು ಮಾಡಿದ್ದರು. ಗಿರಣಿಯಲ್ಲಿ ಒಡೆಸಿದ ತರಿ, ಗ್ಯಾಸ್ ಒಲೆ, ಪ್ಯಾಕೆಟ್ ಮಜ್ಜಿಗೆ. ಅಣ್ಣನ ಮೊಮ್ಮಗಳು ಮೊದಲು ಬೆರಳಿನಲ್ಲಿ ಮುಟ್ಟಿ ನೋಡಿದಳು, ಆಮೇಲೆ ಶೇಂಗಾ ಹಿಂಡಿ ಬೇಕೆಂದಳು, ಆಮೇಲೆ ಎರಡನೆಯ ಸಲ ಹಾಕಿಸಿಕೊಂಡಳು. ಶಾಲೆಯಲ್ಲಿ ಹೀಗೆ ನುಚ್ಚು ಮಾಡಿಸಬೇಕೆಂದು ಪತ್ರಿಕೆಗೆ ಬರೆಯುತ್ತೇನೆಂದು ಹೇಳಿದೆ. ಅತ್ತಿಗೆ ಗಡಿಗೆಯ ತಳ ಕೆರೆಯುತ್ತ ಒಂದು ಗಳಿಗೆ ಸುಮ್ಮನಿದ್ದರು.

'ಬರೀರಿ. ಆದ್ರ ಅಡಗೀ ಮಾಡಾಕ ನನ್ನ ಕರದ್ರ ಪಗಾರ ಎಷ್ಟ ಕೊಡ್ತಾರ, ಅದನ್ನೂ ಕೇಳಿ ಬರೀರಿ' ಎಂದರು.